ಹನ್ನೆರಡು ಗಂಟೆಯ ಸುತ್ತು

ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಇವತ್ತೊಂದು ದಿನ ಹೊತ್ತಿಗೆ ಮುಂಚೆ ಏಳಬೇಕು ಎಂದು ಅರ್ಚಿತಾ ಬೆಳಗಿನಿಂದ ಅಂದುಕೊಳ್ಳುತ್ತಲೇ ಇದ್ದಳು. ಏಳುವುದು ಮಾತ್ರ ಆಗುತ್ತಿರಲಿಲ್ಲ. ತೊಡೆಯ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದ ಹಾಳೆ, ಹಾಳೆಯ ತುಂಬ ಈ ಓದುವ ಕೋಣೆಯ ನಕ್ಷೆ. ನಕ್ಷೆಯಲ್ಲಿ ಐವತ್ತೆರಡು ಚೌಕಗಳು. ಚೌಕವೆಂದರೆ ಕುರ್ಚಿ. ದಿನಕ್ಕೆ ನಾಲ್ಕು ಸಲ, ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಅವಳು ಎದ್ದು ಕೋಣೆಯನ್ನು ಒಂದು ಸುತ್ತು ಹಾಕಿ ಪ್ರತಿ ಚೌಕದೊಳಗೂ ಒಂದು ಅಕ್ಷರ ಬರೆಯಬೇಕು. ಓದುತ್ತಿದ್ದರೆ ಓ, ಬರೆಯುತ್ತಿದ್ದರೆ ಬ, ಮೊಬೈಲು ಹಿಡಿದಿದ್ದರೆ ಮೊ, ಮಲಗಿದ್ದರೆ ನಿ, ಯಾರೂ ಇಲ್ಲದಿದ್ದರೆ ಖಾ. ಓದಲು ಬರುವವರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ, ಯಾವ ಮೂಲೆ ಯಾರಿಗೂ ಬೇಡವಾಗಿದೆ ಎಂದು ಮೊದಲು ನೋಡಿಕೊಂಡು ಆಮೇಲೆ ಈ ಹಳೆಯ ಗ್ರಂಥಾಲಯವನ್ನು ಹೊಸದಾಗಿ ಕಟ್ಟುವುದು. ಹಾಗೆಂದು ಸುಮಧ್ವ ಹೇಳಿದ್ದ. ಸುಮಧ್ವ ಆರ್ಕಿಟೆಕ್ಟು, ಅಪ್ಪನ ಕಡೆಯಿಂದ ದೂರದ ನೆಂಟ. ಲೈಬ್ರರಿ ಸೈನ್ಸ್ ಓದಿ ಎರಡು ವರ್ಷದಿಂದ ಮನೆಯಲ್ಲೇ ಇದ್ದವಳಿಗೆ ಈ ಹನ್ನೆರಡು ದಿನದ ಕೆಲಸ ಕೊಟ್ಟವನು ಅವನೇ. ಇದು ಚೆನ್ನಾಗಿ ಆದರೆ ಮುಂದೆ ಕಂಪ್ಲಿ, ಆಮೇಲೆ ಸಂಡೂರು, ಮೂರು ತಿಂಗಳ ಕೆಲಸ ನಿನಗೇ ಎಂದಿದ್ದ. ಇವತ್ತು ಹನ್ನೆರಡನೆಯ ದಿನ. ನಾಲ್ಕೂವರೆಗೆ ಅವನೂ ಗ್ರಂಥಾಲಯದ ಟ್ರಸ್ಟಿನ ಕಾರ್ಯದರ್ಶಿಗಳೂ ಬಂದು ಹಾಳೆಗಳನ್ನು ತೆಗೆದುಕೊಂಡು ಹೋಗುವವರಿದ್ದರು.

ಹೊರಗೆ ಏಪ್ರಿಲಿನ ಬಿಸಿಲು ಬಿಳಿಚಿಕೊಂಡು ನಿಂತಿತ್ತು. ಅದಿರಿನ ಲಾರಿ ಹೋದಾಗಲೆಲ್ಲ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು, ನಡುಗಿದ ಗಾಜಿನಿಂದ ಕೆಂಪು ದೂಳು ಕಿಟಕಿಯ ಅಂಚಿಗೆ ಇಳಿಯುತ್ತಿತ್ತು. ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಚೀಲದಲ್ಲಿ ನೀರಿನ ಬಾಟಲಿ ಇದೆ. ತುಂಬಿದ್ದು ತುಂಬಿದ ಹಾಗೇ ಇದೆ. ಹನ್ನೊಂದು ದಿನವೂ ಅದು ಹಾಗೇ ಮನೆಗೆ ಮರಳಿದೆ. ಸಂಜೆ ಮನೆ ಮುಟ್ಟಿದವಳು ಚಪ್ಪಲಿ ಬಿಟ್ಟು ನೇರ ಹಿತ್ತಲಿಗೆ ಹೋಗಿ, ಬಂದು, ಅಡುಗೆಮನೆಯಲ್ಲಿ ನಿಂತು ಮೂರು ಲೋಟ ನೀರು ಒಂದೇ ಸಮ ಕುಡಿಯುವುದನ್ನು ಭೀಮಾಬಾಯಿ ಅಜ್ಜಿ ನೋಡುತ್ತಾಳೆ. "ತುಟಿ ನೋಡು ಹ್ಯಾಂಗ ಸೀಳ್ಯಾವ. ಆ ಲೈಬ್ರರ್ಯಾಗ ನೀರು ಕೊಡಂಗಿಲ್ಲೇನ?" ಎನ್ನುತ್ತಾಳೆ. ಏನಿಲ್ಲ ಅಜ್ಜಿ, ಎನ್ನುತ್ತಾಳೆ ಅರ್ಚಿತಾ. ಏನಿಲ್ಲ ಎನ್ನುವುದು ಅವಳ ಬಾಯಲ್ಲಿ ಎಂಟನೆಯ ಕ್ಲಾಸಿನಿಂದ ಕೂತಿರುವ ಮಾತು. ಅವತ್ತು ಗಣಿತದ ಪಿರಿಯಡ್ಡಿನಲ್ಲಿ ಎದ್ದು ನಿಂತಿದ್ದಳು. ಮೇಷ್ಟ್ರು ಹಲಗೆಯಿಂದ ತಿರುಗಿ ಏನು ಎಂದಿದ್ದರು. ಹಿಂದಿನ ಬೆಂಚಿನ ಹುಡುಗರೆಲ್ಲ ತಲೆ ಎತ್ತಿದ್ದರು. ಕಿರುಬೆರಳು ಎತ್ತಿದರೆ ಸಾಕಿತ್ತು, ಬೆರಳು ಏಳಲಿಲ್ಲ. ಏನಿಲ್ಲ ಸರ್ ಎಂದು ಕೂತುಬಿಟ್ಟಿದ್ದಳು. ಆ ಪಿರಿಯಡ್ಡು ಮುಗಿಯುವವರೆಗೆ ಕಪ್ಪು ಹಲಗೆಯ ಮೇಲಿದ್ದ ಪ್ರತಿಯೊಂದು ಅಂಕಿಯನ್ನೂ ಅವಳು ಇವತ್ತಿಗೂ ಹೇಳಬಲ್ಲಳು.

ಹೆಂಗಸರ ಮೇಜು ಇರುವುದು ಕೋಣೆಯ ಕೊನೆಗೆ, ಬೀರುಗಳ ಹಿಂದೆ. ಎದೆಯೆತ್ತರದ ಒಂದು ಮರದ ಅಡ್ಡಗೋಡೆ, ಅದರ ಮೇಲೆ 'ಮಹಿಳೆಯರಿಗೆ ಮಾತ್ರ' ಎಂಬ ಹಲಗೆ, ಒಳಗೆ ಆರು ಕುರ್ಚಿ. ನಕ್ಷೆಯಲ್ಲಿ ನಲವತ್ತೇಳರಿಂದ ಐವತ್ತೆರಡರವರೆಗಿನ ಚೌಕಗಳು. ಆ ಮೇಜಿನ ತುದಿಗೆ ಒಂದು ಪ್ಲಾಸ್ಟಿಕ್ಕಿನ ಸ್ಟೂಲು ಎಳೆದುಕೊಂಡು ಅರ್ಚಿತಾ ಮೊದಲನೆಯ ದಿನದಿಂದ ಕೂತಿದ್ದಾಳೆ. ನೋಡುವವಳು ನಡುವೆ ಕೂರಬೇಕು, ಎಲ್ಲರೂ ಕಾಣುವ ಹಾಗೆ, ಎಂದಿದ್ದ ಸುಮಧ್ವ. ನಡುವೆ ಕೂತರೆ ಎಲ್ಲರಿಗೂ ತಾನೂ ಕಾಣುತ್ತೇನೆ ಎನ್ನುವುದು ಅವನಿಗೆ ಹೊಳೆದಿರಲಿಕ್ಕಿಲ್ಲ. ಈಗ ಆರು ಕುರ್ಚಿಯಲ್ಲೂ ಆರು ಜನ. ವಡ್ಡು ಊರಿನ ಹೊಳೆಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಪರೀಕ್ಷೆಗೆ ಓದುತ್ತಿದ್ದಳು. ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು, ಒಂದು ಸಾಲು ಮುಗಿದರೆ ಸ್ಕೇಲನ್ನು ಇಷ್ಟೇ ಇಷ್ಟು ಕೆಳಗೆ ಜರುಗಿಸಿ, ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆದಂತೆ ಓದುತ್ತಿದ್ದಳು. ಪಕ್ಕದಲ್ಲಿ ಮಲಪನಗುಡಿಯ ಸುಮಲತಾ ಬಾಯಿಪಾಠ ಮಾಡುತ್ತ ತುಟಿ ಆಡಿಸುತ್ತಿದ್ದಳು. ಉಳಿದವರು ದೋಣಿಮಲೈಯಿಂದ, ಕಂಪ್ಲಿಯಿಂದ, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದವರು. ಆರು ಜನರ ಉಸಿರು, ಹಾಳೆ ಮಗುಚುವ ಸದ್ದು, ಕೊಬ್ಬರಿ ಎಣ್ಣೆಯ ವಾಸನೆ. ಮೇಜು ತುಂಬಿತ್ತು. ದಿನವೂ ಹತ್ತೂವರೆಯಿಂದ ಮೂರೂವರೆಯವರೆಗೆ ಅದು ತುಂಬಿಯೇ ಇರುತ್ತಿತ್ತು. ಹಾಳೆಯಲ್ಲಿ ಮಾತ್ರ ಹನ್ನೊಂದು ದಿನದಿಂದ ಆರೂ ಚೌಕದಲ್ಲಿ ಖಾ, ಖಾ, ಖಾ, ಖಾ, ಖಾ, ಖಾ.

ಅದು ಹೇಗಾಯಿತೆಂದು ಅವಳಿಗೆ ನಿನ್ನೆಯವರೆಗೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಅಥವಾ ಸ್ಪಷ್ಟವಾಗಿಯೇ ಇತ್ತು, ಅದರತ್ತ ಅವಳು ನೋಡಿರಲಿಲ್ಲ. ಹತ್ತರ ಸುತ್ತಿಗೆ ಅವರ ಊರುಗಳ ಬಸ್ಸು ಬಂದಿರುವುದಿಲ್ಲ. ಎರಡರ ಸುತ್ತಿಗೆ ಹುಡುಗಿಯರೆಲ್ಲ ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿರುತ್ತಾರೆ, ಒಳಗೆ ತಿನ್ನುವ ಹಾಗಿಲ್ಲ. ನಾಲ್ಕರ ಸುತ್ತಿಗೆ ಮೂರೂಮುಕ್ಕಾಲರ ಬಸ್ಸುಗಳು ಅವರನ್ನು ಹತ್ತಿಸಿಕೊಂಡು ಹೋಗಿಯಾಗಿರುತ್ತವೆ. ಉಳಿದದ್ದು ಹನ್ನೆರಡರ ಸುತ್ತು. ಹನ್ನೆರಡಕ್ಕೆ ಅವರು ಒಟ್ಟಿಗೆ ಏಳುತ್ತಾರೆ, ಕುರ್ಚಿಯ ಮೇಲೆ ಒಂದೊಂದು ಕರ್ಚೀಫು ಹಾಸುತ್ತಾರೆ, ಹೊರಗೆ ಹೋಗುತ್ತಾರೆ, ಅರ್ಧ ಗಂಟೆಗೆ ಬರುತ್ತಾರೆ. ಎಲ್ಲಿಗೆ ಎಂದು ಅರ್ಚಿತಾಳಿಗೆ ಗೊತ್ತು. ಗ್ರಂಥಾಲಯದ ಹಿಂದಿನ ಓಣಿಯಲ್ಲಿ ಎರಡು ಬಾಗಿಲಿವೆ. ಗಂಡಸರದು ತೆರೆದಿರುತ್ತದೆ. ಹೆಂಗಸರದಕ್ಕೆ ಬೀಗ, ಬೀಗದ ಮೇಲೆ ಜೇಡ ಮನೆ ಮಾಡಿ ಎಷ್ಟೋ ಕಾಲವಾಗಿದೆ. ಹಾಗಾಗಿ ಬಸ್‌ಸ್ಟ್ಯಾಂಡಿಗೆ ಹೋಗಬೇಕು. ರಸ್ತೆ ದಾಟಿ, ಹೂವಿನವರನ್ನು ದಾಟಿ, ಅಲ್ಲಿ ಸರದಿ ನಿಂತು ಬರಬೇಕು. ಹಾಳೆಯ ಬಲಗಡೆ 'ಷರಾ' ಎಂದು ಒಂದು ಕಾಲಮ್ಮು ಇದೆ. ಅಲ್ಲಿ ಒಂದು ಸಾಲು ಬರೆದಿದ್ದರೆ ಮುಗಿದಿತ್ತು. ಮೊದಲನೆಯ ದಿನ ಪೆನ್ಸಿಲು ಆ ಕಾಲಮ್ಮಿನ ಮೇಲೆ ಹೋಗಿ ನಿಂತಿತ್ತು. ಈ ಹಾಳೆ ಸುಮಧ್ವ ಓದುತ್ತಾನೆ, ಅವನ ಆಫೀಸಿನ ಹುಡುಗರು ಓದುತ್ತಾರೆ, ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ಓದುತ್ತಾರೆ. ಹಬ್ಬಕ್ಕೋ ಮುಂಜಿವೆಗೋ ಸಿಕ್ಕಾಗ ಸುಮಧ್ವನ ತಾಯಿ, ಏನೇನೋ ಬರದಿದ್ದ್ಯಂತಲ್ಲ, ಎಂದರೂ ಎನ್ನಬಹುದು. ಪೆನ್ಸಿಲು ಹಿಂದಕ್ಕೆ ಬಂದಿತ್ತು. ದಿನವೂ ಬೆಳಿಗ್ಗೆ ದೇವರ ಮನೆಯ ಗಂಟೆಯ ಸದ್ದಿಗೆ ಎದ್ದು ಯಾರಿಗೂ ಕಾಣದ ಹಾಗೆ ಬರೆಯುವ ಡೈರಿಯಲ್ಲಿ ಕೂಡ ಅವಳು ಬರೆದದ್ದು 'ಹುಡುಗಿಯರು ಹೊರಗೆ ಹೋದರು' ಎಂದೇ.

ನಿನ್ನೆ ಸಂಜೆ ಸುಮಧ್ವ ಲ್ಯಾಪ್‌ಟಾಪು ತೆರೆದು ಹೊಸ ನಕ್ಷೆ ತೋರಿಸಿದ. ಬೀರುಗಳು ಗೋಡೆಗೆ ಹೋಗಿದ್ದವು, ಬೆಳಕು ಎಲ್ಲ ಕಡೆ ಬಿದ್ದಿತ್ತು, ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅವಳಿಗೂ ಅನ್ನಿಸಿತ್ತು. ಹೆಂಗಸರ ಮೇಜು ಇದ್ದ ಕಡೆ ಒಂದು ಗಾಜಿನ ಕೋಣೆ ಬಂದು ನಿಂತಿತ್ತು, ಒಳಗೆ ದುಂಡು ಮೇಜು. "ಇದು ಗುಂಪು ಚರ್ಚೆಗೆ," ಎಂದಿದ್ದ. "ನಿನ್ನ ಶೀಟು ನೋಡಿದ ಮ್ಯಾಲ ಈ ಮೂಲಿ ಬಗ್ಗೆ ಡೌಟೇ ಉಳೀಲಿಲ್ಲ. ಸತ್ತ ಜಾಗ. ಒಂದು ದಿನರ ಒಬ್ಬರರ ಕೂಡಬೇಕಿತ್ತಲ್ಲ? ಹೆಣ್ಣುಮಕ್ಕಳು ಈಗ ಎಲ್ಲರ ಜೋಡಿ ಕೂಡತಾರ, ಛಲೋನೇ ಆತು." ಆಮೇಲೆ ಕೇಳಿದ್ದ, "ನಿಂದೇನರೆ ಹೇಳೋದದ ಏನು?" ಅವಳು ಪರದೆಯ ಮೇಲಿನ ಗಾಜಿನ ಕೋಣೆಯನ್ನು ನೋಡುತ್ತಿದ್ದಳು. ಅದರೊಳಗೆ ಸುಮ್ಮನೆ ಅಂದಕ್ಕೆಂದು ಇಬ್ಬರು ನಗುವ ಹುಡುಗಿಯರ ಚಿತ್ರ ಅಂಟಿಸಿದ್ದರು. ಏನಿಲ್ಲ, ಎಂದಿದ್ದಳು.

ಎಲ್ಲರ ಜೊತೆ ಕೂತರೇನು? ಕೂರಬಹುದು. ಅರ್ಚಿತಾ ಬಸ್ಸಿನಲ್ಲಿ ಕೂರುವುದಿಲ್ಲವೇ? ಆದರೆ ಮೊದಲನೆಯ ವಾರ, ಹೊಳೆಮ್ಮನ ಅಣ್ಣ ಓಬಳೇಶ ಬಂದಿದ್ದ. ಕಾರ್ಖಾನೆಯ ನೀಲಿ ಅಂಗಿ, ಕೈಯಲ್ಲಿ ಹೆಲ್ಮೆಟ್ಟು, ಪಾಳಿ ಮುಗಿಸಿ ನೇರ ಬಂದವನ ಕೆಂಪು ಕಣ್ಣು. ಒಳಗೆ ಬರದೆ, ಚಪ್ಪಲಿ ಬಿಡುವ ಕಡೆಯೇ ನಿಂತು, ಆ ಹಲಗೆಯನ್ನು ಒಂದೊಂದೇ ಅಕ್ಷರ ಓದಿ, ಅಡ್ಡದ ಎತ್ತರವನ್ನು ಕಣ್ಣಲ್ಲೇ ಅಳೆದು, ಅರ್ಚಿತಾಳನ್ನೂ ಒಂದು ಸಲ ನೋಡಿ ಹೋಗಿದ್ದ. "ನಮ್ಮಣ್ಣ ಹೂಂ ಅಂದ್ರಿ ಅಕ್ಕ," ಎಂದಿದ್ದಳು ಆಮೇಲೆ ಹೊಳೆಮ್ಮ. "ಆ ಬೋರ್ಡ್ ಇರೋ ಮಟ ಹೋಗು ಅಂದ." ಅರ್ಚಿತಾ ಅದನ್ನು ಡೈರಿಯಲ್ಲಿ ಬರೆದಿದ್ದಳು. ಬರೆದದ್ದು ಬರೆದ ಹಾಗೇ ಇತ್ತು, ಬಾಟಲಿಯ ನೀರಿನಂತೆ.

ಹನ್ನೆರಡಕ್ಕೆ ಎಂಟು ನಿಮಿಷ. ಈಗ ಎದ್ದರೆ ಆರೂ ಜನ ಕೂತಿರುತ್ತಾರೆ. ಆರು ಓ ಬೀಳುತ್ತವೆ. ನಲವತ್ತೆಂಟು ಸುತ್ತಿನಲ್ಲಿ ಒಂದು ಸುತ್ತು, ಅದರಿಂದ ಏನೂ ಆಗಲಿಕ್ಕಿಲ್ಲ, ಆದರೂ ಒಂದು ದಿನರ ಎಂದು ಸುಮಧ್ವ ಹೇಳಿದ್ದನಲ್ಲ. ಅವಳು ರಟ್ಟು ಎತ್ತಿಕೊಂಡು ಎದ್ದಳು. ಸ್ಟೂಲಿನ ಕಾಲು ನೆಲಕ್ಕೆ ಕಿರ್ರೆಂದಿತು. ಹೊಳೆಮ್ಮ ಸ್ಕೇಲನ್ನು ಪುಸ್ತಕದೊಳಗೆ ಸಿಕ್ಕಿಸಿ ಮುಚ್ಚಿದಳು. ಸುಮಲತಾ ತುಟಿ ನಿಲ್ಲಿಸಿ ವೇಲು ಸರಿಮಾಡಿಕೊಂಡಳು. ಆರು ಕುರ್ಚಿಗಳು ಒಂದರ ಹಿಂದೊಂದು ಹಿಂದಕ್ಕೆ ಸರಿದವು.

"ಕುಂದ್ರಿ," ಎಂದಳು ಅರ್ಚಿತಾ. ಧ್ವನಿ ತನಗೇ ಕೇಳಲಿಲ್ಲ. "ಇನ್ನೂ ಹನ್ನೆರಡಾಗಿಲ್ಲ."

"ಹೌದೇನ್ರಿ?" ಸುಮಲತಾ ನಕ್ಕಳು. "ಮತ್ತ ನೀವ್ಯಾಕ ಎದ್ರಿ ಅಕ್ಕ? ನೀವು ಎದ್ರ ನಮಗ ಸಾಲ್ಯಾಗ ಬೆಲ್ ಹೊಡದಂಗ್ರಿ."

"ಹೂಂ ಮತ್ತ," ಎಂದಳು ಹೊಳೆಮ್ಮ. "ಮೊದಲ ಒಬ್ಬೊಬ್ಬರ ಹೋಗತಿದ್ವಿ, ಯಾವಾಗಂದ್ರ ಯಾವಾಗ. ಭಾಳ ತ್ರಾಸು. ನೀವು ಬಂದ ಮ್ಯಾಲ ಎಲ್ಲಾರೂ ಸೇರಿ ಒಂದ ಟೈಮಿಗೆ ಹೋಗ್ತೀವ್ರಿ. ನೀವು ಬರಿಯಾಕ ಏಳೂದು, ನಾವು ಹೋಗೂದು. ಮಸ್ತ್ ಆಗೇತಿ."

ಆರು ಕರ್ಚೀಫುಗಳನ್ನು ಹಾಸಿ ಅವರು ಹೋದರು. ಬೀರುಗಳ ಸಂದಿಯಿಂದ ಚಪ್ಪಲಿ ಸದ್ದು ದೂರವಾಯಿತು. ಅರ್ಚಿತಾ ಖಾಲಿ ಮೇಜಿನ ಮುಂದೆ ನಿಂತಿದ್ದಳು. ಒಂದು ಕರ್ಚೀಫಿನ ಮೂಲೆಯಲ್ಲಿ ನೀಲಿ ದಾರದ ಹೂವು, ಒಂದರಲ್ಲಿ ಶಾಯಿಯ ಕಲೆ, ಒಂದು ಬರಿಯ ಹಳೆಯ ಸೀರೆಯ ತುಂಡು. ಚಿಕ್ಕವಳಿದ್ದಾಗ ಕಂಪ್ಲಿಗೆ ಹೋಗುವ ಬಸ್ಸಿಗೆ ಅಪ್ಪ ಹೊರಗಿನಿಂದಲೇ ಕಿಟಕಿಯೊಳಗೆ ಶಲ್ಯ ಎಸೆಯುತ್ತಿದ್ದರು. ಶಲ್ಯ ಬಿದ್ದ ಸೀಟಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ನೂಕುನುಗ್ಗಲಿನ ಆ ಬಸ್ಸಿನಲ್ಲಿ ಕೂಡ, ಎಂಥ ಒರಟನೂ ಅದನ್ನು ನೋಡಿ ಮುಂದಕ್ಕೆ ಹೋಗುತ್ತಿದ್ದ. ಇಲ್ಲಿ ಒಬ್ಬರು ಇದ್ದಾರೆ ಎನ್ನುವುದಕ್ಕೆ ಅಷ್ಟು ಬಟ್ಟೆ ಸಾಕಾಗಿತ್ತು. ಅವಳು ನಲವತ್ತೇಳನೆಯ ಚೌಕದಲ್ಲಿ ಓ ಎಂದು ಬರೆದಳು. ಬರೆದು ನೋಡಿದಳು. ಆಮೇಲೆ ಪೆನ್ಸಿಲಿನ ಹಿಂಬದಿಯಿಂದ ತಿಕ್ಕಿದಳು. ಹಾಳೆ ಅಷ್ಟು ಅಗಲ ಮಾಸಿತು. ತಾನು ಇಲ್ಲಿ ಬಂದು ಕೂತದ್ದರಿಂದಲೇ ಈ ಮೇಜು ಖಾಲಿಯಾಯಿತು. ತಾನು ಏಳದಿದ್ದರೆ ಮೂವರಾದರೂ ಇಬ್ಬರಾದರೂ ಇರುತ್ತಿದ್ದರು. ಗಡಿಯಾರ ನೋಡಿ ಒಂದು ನಿಮಿಷ ಆಚೀಚೆ ಆಗದಂತೆ ಏಳುತ್ತಿದ್ದ ತನ್ನ ಶಿಸ್ತು, ಅದೊಂದೇ ತನ್ನ ಗುಣವೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಮಾಸಿದ ಚೌಕದಲ್ಲಿ ಖಾ ಎಂದು ಬರೆದಳು. ಉಳಿದ ಐದರಲ್ಲೂ ಬರೆದಳು.

ಎರಡರ ಸುತ್ತು ಮುಗಿಸಿ ಅವಳು ಬೇವಿನ ಮರದ ಕಡೆ ಹೋದಳು. ಹನ್ನೊಂದು ದಿನ ಕರೆದಾಗ ಬರದವಳು ಇವತ್ತು ತಾನಾಗಿ ಬಂದದ್ದಕ್ಕೆ ಹುಡುಗಿಯರು ಸರಿದು ಜಾಗ ಮಾಡಿದರು. ಸುಮಲತಾ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಅರ್ಚಿತಾ ಹೇಳಿದಳು: ಮೇಜು ಹೋಗುತ್ತದೆ, ಗಾಜಿನ ಕೋಣೆ ಬರುತ್ತದೆ, ಕಾರಣ ಈ ಹಾಳೆ. ಹೇಳುವಾಗ ಹೊಳೆಮ್ಮನ ಮುಖ ನೋಡಲಿಲ್ಲ, ಅವಳ ಬುತ್ತಿಯ ಮುಚ್ಚಳದ ಮೇಲೆ ಹರಿದಾಡುತ್ತಿದ್ದ ಇರುವೆಯನ್ನು ನೋಡಿದಳು.

ಹೊಳೆಮ್ಮ ಕೈ ಒರೆಸಿಕೊಂಡು ರಟ್ಟನ್ನು ಇಸಿದುಕೊಂಡಳು. ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಖಾ ಎಂದರೇನು ಎಂದು ಕೇಳಲಿಲ್ಲ. ಅದರ ಅರ್ಥ ಪಕ್ಕದಲ್ಲೇ ಅಚ್ಚಾಗಿತ್ತು.

"ಅಂದ್ರ," ಎಂದಳು, "ನಮ್ಮ ಸಂಗಟನ ಕುಂತು, ಇಷ್ಟ ದಿನ ನಾವು ಇಲ್ಲಂತ ಬರದ್ರೇನ್ರಿ?"

"ದಿನಾ ಆಬ್ಸೆಂಟ್ ಬಿಡಲೇ," ಎಂದಳು ಸುಮಲತಾ. ಯಾರೂ ನಗಲಿಲ್ಲ.

"ಸುತ್ತಿನ ಹೊತ್ತಿಗೆ ಕಂಡದ್ದಷ್ಟೇ ಬರೀಬೇಕು ಅಂತ..." ಎಂದು ಅರ್ಚಿತಾ ಶುರುಮಾಡಿದಳು.

"ಗೊತ್ತಾತು ಬಿಡ್ರಿ," ಎಂದಳು ಹೊಳೆಮ್ಮ. "ಎಲ್ಲಿ ಹೋಗ್ಯಾರಂತ ಒಂದು ಮಾತು ಬರೀಬೇಕಿತ್ತಿಲ್ಲ? ನೀವೂ ಹೆಣ್ಣುಮಗಳ ಅಲ್ಲೇನು? ನಿಮಗೇನು ಅದು ಬರಂಗಿಲ್ಲೇನು?"

ನನಗೂ ಬರುತ್ತದೆ, ಅದಕ್ಕೇ ನೀರು ಕುಡಿಯುವುದಿಲ್ಲ ಎಂದು ಅರ್ಚಿತಾ ಹೇಳಬಹುದಿತ್ತು. ರೊಟ್ಟಿಯ ಚೂರು ಒಣ ಬಾಯಲ್ಲಿ ತಿರುಗುತ್ತ ಉಳಿಯಿತು. ಹೊಳೆಮ್ಮ ರಟ್ಟನ್ನು ಮೆಲ್ಲಗೆ ಅವಳ ತೊಡೆಯ ಮೇಲಿಟ್ಟಳು. ಎಸೆದಿದ್ದರೆ ಸುಲಭವಾಗುತ್ತಿತ್ತು.

"ಯಾವಾಗ ಬರ್ತಾರ್ರಿ ಅವರು?"

"ನಾಲ್ಕೂವರಿಗೆ."

"ನಾನು ಕುಂದರ್ತೀನಿ. ಒಂದು ಬಸ್ ಹೋದ್ರ ಹೋಗಲಿ. ಇಲ್ಲ ಅಂತೀರಲ್ಲ, ನೋಡ್ಲಿ ಅವರು."

ನಾಲ್ಕಕ್ಕೆ ಅರ್ಚಿತಾ ಕೊನೆಯ ಸುತ್ತಿಗೆ ಎದ್ದಳು. ಅಭ್ಯಾಸ ಎಂಬುದು ಎಂಥದೆಂದರೆ, ಹೊಳೆಮ್ಮ ಕೂಡ ಅರ್ಧ ಎದ್ದಳು, ಎದ್ದವಳು ಹಾಗೇ ಕೂತಳು. ಮಿಕ್ಕ ಐದು ಕುರ್ಚಿ ಬರಿದಾಗಿದ್ದವು. ಸುಮಲತಾ ಹೋಗುವಾಗ ತನ್ನ ಕರ್ಚೀಫನ್ನು ಬಿಟ್ಟೇ ಹೋಗಿದ್ದಳು, ಮರೆತೋ, ಬೇಕೆಂದೋ. ಐವತ್ತನೆಯ ಚೌಕದಲ್ಲಿ ಓ. ಹನ್ನೆರಡು ದಿನಕ್ಕೆ ಒಂದು ಓ. ಅಷ್ಟು ಖಾಗಳ ನಡುವೆ ಅದು ಬರೆದವಳ ಕೈತಪ್ಪಿನಂತೆ ಕಾಣುತ್ತಿತ್ತು.

ಮೊದಲು ಕಾರ್ಯದರ್ಶಿ ಜಂಬಪ್ಪನವರು ಬಂದರು, ಹಿಂದೆ ಸುಮಧ್ವ, ಅವರ ಹಿಂದೆ ಅಟೆಂಡರ್ ಮೈಲಾರಲಿಂಗಪ್ಪ ಚಹಾದ ಮೂರು ಕಪ್ಪು ಹಿಡಿದು. ಜಂಬಪ್ಪನವರು ದೊಡ್ಡ ದೇಹದವರು, ಮೆತ್ತನೆಯ ಮಾತಿನವರು. ಹೊಳೆಮ್ಮನನ್ನು ನೋಡಿ, "ಏನವ್ವಾ, ಪರೀಕ್ಷಾ ಹತ್ರ ಬಂತೇನು? ಓದು ಓದು," ಎಂದರು. ಹೊಳೆಮ್ಮ ಎದ್ದು ನಿಂತಳು, ಕೂತುಕೋ ಎಂದರೂ ಕೂರಲಿಲ್ಲ. ಸುಮಧ್ವ ನಿಂತಲ್ಲೇ ಹಾಳೆಗಳನ್ನು ಬೆರಳಲ್ಲಿ ಎಣಿಸಿ, ಇವತ್ತಿನದನ್ನು ನೋಡಿ ಹುಬ್ಬೇರಿಸಿದ. "ಇವತ್ತೊಬ್ಬಾಕಿ ಕೂತಾಳ," ಎಂದು ನಕ್ಕ. ಆಮೇಲೆ ಪೆನ್ನಿನ ತುದಿಯಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ, ಇಲ್ಲಿಂದ ಇಲ್ಲಿವರೆಗೆ ಗಾಜು, ಈ ಅಡ್ಡ ತೆಗೆಯುವುದು, ಬೆಳಕು ಹೀಗೆ ಬರುತ್ತದೆ ಎಂದು ಜಂಬಪ್ಪನವರಿಗೆ ವಿವರಿಸತೊಡಗಿದ. ಪೆನ್ನಿನ ಗೆರೆ ಹೊಳೆಮ್ಮನ ಭುಜದ ಮೇಲಿಂದ ಹಾದು ಹೋಗುತ್ತಿತ್ತು.

"ಸರ," ಎಂದಳು ಹೊಳೆಮ್ಮ. "ನಾವು ದಿನಾ ಬರ್ತೀವ್ರಿ. ಆರು ಮಂದಿ."

"ಬರ್ತೀರವ್ವ, ಇಲ್ಲಂದ್ರ ಯಾರು?" ಎಂದರು ಜಂಬಪ್ಪನವರು. "ಆದರ ಕೂಡಂಗಿಲ್ಲಲ್ಲ. ಇವರು ದಿನಕ್ಕ ನಾಕು ಸಲ ನೋಡ್ಯಾರ. ಎಲ್ಲಿಗೆ ಹೋಗಿರ್ತೀರಿ ಮತ್ತ?"

ಹೊಳೆಮ್ಮ ಬಾಯಿ ತೆರೆದಳು. ಮೂರು ಗಂಡಸರ ಮುಖಗಳು ಅವಳ ಕಡೆ ತಿರುಗಿದ್ದವು, ಚಹಾದ ಕಪ್ಪುಗಳ ಮೇಲಿಂದ, ಯಾವ ಕೆಡುಕೂ ಇಲ್ಲದೆ, ಸುಮ್ಮನೆ ಉತ್ತರಕ್ಕಾಗಿ. ಬೇವಿನ ಮರದ ಕೆಳಗೆ ಅಷ್ಟು ಮಾತಾಡಿದ್ದ ಹುಡುಗಿಯ ಕಣ್ಣು ನೆಲಕ್ಕೆ ಇಳಿಯಿತು. ಕಾಲ ಹೆಬ್ಬೆರಳು ಇನ್ನೊಂದರ ಮೇಲೆ ಏರಿತು. ಅರ್ಚಿತಾ ಆ ಬೆರಳನ್ನು ನೋಡಿದಳು. ಈಗ ಇವಳು ಏನಿಲ್ಲ ಎನ್ನುತ್ತಾಳೆ, ಎಂದುಕೊಂಡಳು. ಎಂದು ಕೂತುಬಿಡುತ್ತಾಳೆ, ಹಲಗೆಯ ಮೇಲಿನ ಅಂಕಿಗಳು ಜನ್ಮವಿಡೀ ನೆನಪಿರುತ್ತವೆ.

"ಏನಿಲ್ಲರಿ..." ಎಂದಳು ಹೊಳೆಮ್ಮ.

"ಬಸ್‌ಸ್ಟ್ಯಾಂಡಿನ ಸಂಡಾಸಕ್ಕ," ಎಂದಳು ಅರ್ಚಿತಾ.

ಮಾತು ಬೇಕಾದ್ದಕ್ಕಿಂತ ಜೋರಾಗಿ ಬಂದಿತ್ತು. ಬೀರುಗಳ ಆಚೆ ಪತ್ರಿಕೆ ಓದುತ್ತಿದ್ದವರೊಬ್ಬರು ಪತ್ರಿಕೆ ಇಳಿಸಿದರು. ಸುಮಧ್ವ ಪೆನ್ನು ಹಿಡಿದ ಕೈಯನ್ನು ಮೆಲ್ಲಗೆ ಕೆಳಗೆ ಬಿಟ್ಟ. ಒಂದು ಸಲ ಹೊರಗೆ ಬಂದ ಮೇಲೆ ಉಳಿದದ್ದು ತಾನೇ ಬಂತು. "ಇಲ್ಲಿ ಹೆಂಗಸರದಕ್ಕ ಬೀಗ ಹಾಕ್ಯಾರ. ಹನ್ನೆರಡಕ್ಕ ನಾನು ಬರೀಲಿಕ್ಕೆ ಎದ್ದರ ಅವರೂ ಏಳ್ತಾರ, ಅಲ್ಲಿಗೆ ಹೋಗಿ ಸರದಿ ನಿಂತು ಬರ್ತಾರ. ಹತ್ತಕ್ಕ ಅವರ ಬಸ್ ಬಂದಿರಂಗಿಲ್ಲ. ಎರಡಕ್ಕ ಹೊರಗ ಊಟಕ್ಕ ಕೂತಿರ್ತಾರ. ನಾಲ್ಕಕ್ಕ ಬಸ್ ಹೋಗಿರ್ತದ. ನಾವು ಎಣಿಸೋ ಹೊತ್ತಿಗೆ ಮಾತ್ರ ಇರಂಗಿಲ್ಲ. ಉಳಿದ ಹೊತ್ತೆಲ್ಲ ಮೇಜು ತುಂಬಿರ್ತದ. ನಾನು ನೋಡೀನಿ. ಬರದಿಲ್ಲ."

ಫ್ಯಾನು ಕಟಕಟ ಎನ್ನುತ್ತಿತ್ತು. ಜಂಬಪ್ಪನವರು ಗಂಟಲು ಸರಿಮಾಡಿಕೊಂಡು, ಹೆಂಗಸರ ಕಡೆ ನೋಡದೆ, ಅಟೆಂಡರನ ಕಡೆ ತಿರುಗಿದರು. "ಯಾಕಲೇ ಮೈಲಾರಿ, ಲೇಡೀಸ್ ಒಂದು ಇತ್ತಲ್ಲ ಹಿಂದ?"

"ಐತ್ರಿ ಸರ. ಹಳೇ ಪೇಪರ್ ಇಟ್ಟೀವ್ರಿ ಅದರಾಗ. ನೀವ ಹೇಳಿದ್ರಿ, ಇಡಾಕ ಜಾಗ ಇಲ್ಲ ಅಂದಾಗ."

"ನಾನಾ?"

"ಹೂಂ ಸರ. ಹೆಣ್ಣುಮಕ್ಕಳು ಯಾರೂ ಬಳಸಂಗಿಲ್ಲ, ಖಾಲಿ ಐತಿ, ಅದರಾಗ ಇಡು ಅಂದ್ರಿ. ಈಗ ಅಟ್ಟದ ಮಟ ತುಂಬೇತ್ರಿ."

"ಕೀಲಿ ಯಾರ ಹತ್ರ?"

"ನನ್ನ ಹತ್ರನ ಐತಿ. ಯಾರು ಕೇಳ್ಯಾರ್ರಿ ಇಷ್ಟ ದಿನ?"

ಸುಮಧ್ವ ಅರ್ಚಿತಾಳನ್ನು ಒಂದು ಕಡೆಗೆ ಕರೆದ. ನಿಘಂಟುಗಳ ಬೀರುವಿನ ಹಿಂದೆ ಅವನು ದನಿ ತಗ್ಗಿಸಿ ಮಾತಾಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಅವಳಿಗೆ ಒಂದು ಹಿಡಿಕೆ ಸಿಗುತ್ತಿತ್ತು. "ಷರಾ ಕಾಲಮ್ಮು ಇದಕ್ಕೇ ಇಟ್ಟಿದ್ದೆ," ಎಂದ. "ಒಂದು ಸಾಲು. ಇರಲಿ. ಇಷ್ಟು ತಿಳಿದ ಮ್ಯಾಲ ಹಾಂಗೇ ಕಟ್ಟಲಿಕ್ಕೆ ಆಗೋದಿಲ್ಲ. ಮತ್ತೊಂದು ವಾರ ಎಣಿಸಬೇಕು, ತಾಸು ತಾಸಿಗೆ. ಮೇಜಿನ ಮಾತು ಅಲ್ಲಿ ಮಟ ಹಾಂಗ ಇರಲಿ." ಆಮೇಲೆ ನಿಘಂಟಿನ ಬೆನ್ನಿನ ಮೇಲಿನ ದೂಳನ್ನು ಬೆರಳಲ್ಲಿ ತೆಗೆಯುತ್ತ ಹೇಳಿದ, "ನೀನು ಬ್ಯಾಡ. ನೋಡಲಿಕ್ಕೆ ಕೂತವರು ನೋಡಬೇಕು. ನೀನು ಅವರ ಜೋಡಿನೇ ಕೂತುಬಿಟ್ಟಿ. ಆಫೀಸಿನ ಹುಡುಗನ್ನ ಕಳಸ್ತೀನಿ. ಕಂಪ್ಲಿಗೂ ಅವನೇ ಹೋಗ್ಲಿ ಬಿಡು. ಮನ್ಯಾಗ ಏನೂ ಹೇಳೋದಿಲ್ಲ ನಾನು." ಕೊನೆಯ ಮಾತನ್ನು ಅವನು ದಯೆಯಿಂದಲೇ ಹೇಳಿದ್ದ. ಸಂಡಾಸದ ಮಾತನ್ನು ಹೇಳುವುದಿಲ್ಲವೋ ಕೆಲಸ ಹೋದದ್ದನ್ನೋ ಎಂದು ಅವಳು ಕೇಳಲಿಲ್ಲ.

ಅವರು ಹೋದ ಮೇಲೆ ಅವಳು ಹೆಂಗಸರ ಮೇಜಿಗೆ ಮರಳಿ ಬಂದಳು. ಮೈಯೆಲ್ಲ ಜ್ವರ ಬಿಟ್ಟವರ ಹಾಗೆ ಸಡಿಲವಾಗಿತ್ತು. ಗೆದ್ದ ಹಾಗೆ ಅನ್ನಿಸಲಿಲ್ಲ. ಹನ್ನೊಂದು ದಿನದ ಹಿಂದೆ, ಪೆನ್ಸಿಲಿನಲ್ಲಿ, ಯಾರಿಗೂ ಕೇಳಿಸದ ಹಾಗೆ ಬರೆಯಬಹುದಾಗಿದ್ದ ಒಂದು ಮಾತನ್ನು ಇವತ್ತು ಕೂಗಿ ಹೇಳಬೇಕಾಯಿತು, ಅಷ್ಟೆ. ಹೊಳೆಮ್ಮ ಮೊಬೈಲಿನಲ್ಲಿ ಅಣ್ಣನಿಗೆ ಹೇಳುತ್ತಿದ್ದಳು: "ಬಸ್ ಬಿಟ್ಟೆ ಅಣ್ಣ... ಆರಕ್ಕ ಐತಲ್ಲ, ಅದಕ್ಕ ಬರ್ತೀನಿ... ಏನೂ ಆಗಿಲ್ಲ. ಒಬ್ರು ಅಕ್ಕ ಮಾತಾಡೋರಿದ್ರು, ಅದಕ್ಕ ಕುಂತಿದ್ದೆ... ಹೂಂ, ಮಾತಾಡಿದ್ರು."

ಫೋನು ಇಟ್ಟು ಅವಳು ಪುಸ್ತಕ ತೆರೆದಳು, ಸ್ಕೇಲನ್ನು ಬಿಟ್ಟ ಸಾಲಿಗೆ ಇಟ್ಟಳು. ಅರ್ಚಿತಾ ಸ್ಟೂಲನ್ನು ಗೋಡೆಗೆ ಸರಿಸಿ, ನಲವತ್ತೊಂಬತ್ತನೆಯ ಕುರ್ಚಿಯ ಮೇಲೆ ಕೂತಳು. ಹನ್ನೆರಡು ದಿನಕ್ಕೆ ಮೊದಲ ಸಲ. ಕುರ್ಚಿಯ ಒಂದು ಕಾಲು ಗಿಡ್ಡ ಎಂದು ಆಗ ಗೊತ್ತಾಯಿತು. ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ ಕುಡಿದಳು. ಬೆಚ್ಚಗಿನ ನೀರು ಗಂಟಲಲ್ಲಿ ಇಳಿಯುವುದು ಹೊಳೆಮ್ಮನಿಗೂ ಕೇಳಿಸಿತೋ ಏನೋ, ತಲೆ ಎತ್ತಿ ನೋಡಿ ಮತ್ತೆ ಓದತೊಡಗಿದಳು. ಅರ್ಧ ಬಾಟಲಿ ಮುಗಿಯಿತು. ಐದು ಗಂಟೆ ಆಗಿತ್ತು. ಯಾವ ಸುತ್ತಿನ ಹೊತ್ತೂ ಅಲ್ಲ. ಹೊಟ್ಟೆಯ ಕೆಳಗಿನ ಭಾರ ಮಧ್ಯಾಹ್ನದಿಂದ ಇದ್ದದ್ದು, ಈಗ ನೀರು ಬಿದ್ದು ತಡೆಯಲಾಗದಷ್ಟಾಯಿತು.

"ಹೋಗೋಣೇನು?" ಎಂದಳು.

ಹೊಳೆಮ್ಮ ಒಂದು ಕ್ಷಣ ಅವಳನ್ನೇ ನೋಡಿದಳು. "ನೀವೂ ಬರ್ತೀರೇನ್ರಿ?"

"ಹೂಂ."

"ನಡ್ರಿ. ಬಂದು ಇನ್ನೊಂದು ನಾಕು ಸಾಲು ಓದ್ತೀನಿ, ಬಸ್ಸಿಗೆ ಟೈಮ್ ಐತಿ." ಎದ್ದವಳು ಕುರ್ಚಿಯ ಮೇಲೆ ಕರ್ಚೀಫು ಹಾಸಿದಳು. ಅರ್ಚಿತಾಳೂ ಕೈಯಲ್ಲಿ ಮುದ್ದೆಯಾಗಿದ್ದ ತನ್ನದನ್ನು ಬಿಡಿಸಿ, ಮೂಲೆ ಎಳೆದು, ಕುರ್ಚಿಯ ಮೇಲೆ ಹಾಸಿದಳು. ಬೆವರಿಗೆ ಅದು ಒದ್ದೆಯಾಗಿತ್ತು.

ಬಾಗಿಲ ಹತ್ತಿರ ಹೋಗುತ್ತಿದ್ದಂತೆ ಹಿಂದಿನಿಂದ ಮೈಲಾರಲಿಂಗಪ್ಪನ ದನಿ ಬಂತು. ಅವನು ಫ್ಯಾನಿನ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ಅಡ್ಡದ ಮೇಲಿಂದ ಇಣುಕುತ್ತಿದ್ದ. "ಇಲ್ಲಿ ಯಾರೂ ಇಲ್ಲಲ್ರಿ. ಫ್ಯಾನ್ ಆರಸ್ಲೇನು?"

ಅರ್ಚಿತಾ ತಿರುಗಿದಳು. ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ಅವಳನ್ನು ನೋಡುತ್ತಿದ್ದರು.

"ಆರಸಬ್ಯಾಡ್ರಿ," ಎಂದಳು. "ಅಲ್ಲಿ ನಾವಿದ್ದೀವಿ."